ಮೊದಲು ಹಣ, ಆಮೇಲೆ ಬೆಳಕು!

ಬಾಕಿದಾರನ ಮನೆಯ ಕರೆಂಟನ್ನು ಕೂಡ ಹದಿನೈದು ಪೂರ್ಣ ದಿನಗಳ ಲಿಖಿತ ನೋಟೀಸು ಕೊಡದೆ ಕಡಿಯಕೂಡದು. ಇದು ನಮ್ಮ ಸಭೆಗಳಲ್ಲಿ ಪಾಸಾದ ಠರಾವಲ್ಲ. ಕರುಣಾಳುಗಳ ಬುದ್ಧಿವಾದವೂ ಅಲ್ಲ. ಪಾರ್ಲಿಮೆಂಟು ಮಾಡಿದ 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮು ಹೇಳುವ ಮಾತು. ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಬಿಲ್ಲು ತಪ್ಪೆಂದು ಗ್ರಾಹಕ ತಕರಾರು ಹೂಡಿದರೆ, ಕಂಪನಿ ಕೇಳಿದ ಹಣ ಅಥವಾ ಹಿಂದಿನ ಆರು ತಿಂಗಳ ಸರಾಸರಿ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಪ್ರತಿಭಟನೆಯೊಡನೆ ಕಟ್ಟಿದರೆ ಸಾಕು, ತಕರಾರು ತೀರುವವರೆಗೆ ಅವನ ದೀಪ ಆರಿಸುವಂತಿಲ್ಲ.

ದುಡಿಯುವ ಜನರಿಗೆ ಈ ಹದಿನೈದು ದಿನಗಳ ಬೆಲೆ ಗೊತ್ತು. ಬಟವಾಡೆ ತಡವಾದ ತಿಂಗಳು, ಮಗು ಕಾಯಿಲೆ ಬಿದ್ದ ತಿಂಗಳು, ಅಂಗಡಿಯಲ್ಲಿ ವ್ಯಾಪಾರ ಬಿದ್ದುಹೋದ ತಿಂಗಳು, ಈ ಹದಿನೈದು ದಿನಗಳಲ್ಲಿ ಎಲ್ಲಿಂದಾದರೂ ಹಣ ಹೊಂದಿಸಬಹುದು. ಸೆಕ್ಷನ್ ಆಫೀಸಿಗೆ ಹೋಗಿ ಎಂಜಿನಿಯರರ ಎದುರು ನಿಂತು ಮಾತಾಡಬಹುದು. ಯೂನಿಯನ್ನಿನವರನ್ನು ಕರೆದುಕೊಂಡು ಹೋಗಬಹುದು. ಈ ಹಕ್ಕನ್ನು ಪಾರ್ಲಿಮೆಂಟು ರದ್ದು ಮಾಡಿಲ್ಲ. ಆದರೆ ಅದನ್ನು ರದ್ದು ಮಾಡದೆಯೇ ಇಲ್ಲವಾಗಿಸುವ ಒಂದು ಯಂತ್ರ ನಮ್ಮ ಮನೆಗಳ ಗೋಡೆಗೆ ಬರುತ್ತಿದೆ. ಅದರ ಹೆಸರು ಪ್ರಿಪೇಯ್ಡ್ ಸ್ಮಾರ್ಟ್ ಮೀಟರು.

ಇಷ್ಟನ್ನೇ ನಾವು ಈ ಲೇಖನದಲ್ಲಿ ಹೇಳಬೇಕಾಗಿದೆ. ಮೀಟರು ಓಡುವುದು ಜೋರೋ ನಿಧಾನವೋ ಎಂಬ ಜಗಳ ಎರಡನೆಯದು. ಮೊದಲನೆಯ ಜಗಳ ನೋಟೀಸಿನದು.

ಯಂತ್ರದ ಒಳಗುಟ್ಟು

ಹಳೆಯ ಮೀಟರು ಲೆಕ್ಕ ಮಾತ್ರ ಇಡುತ್ತಿತ್ತು. ಕರೆಂಟು ಕಡಿಯಬೇಕಾದರೆ ಒಬ್ಬ ಲೈನ್‌ಮನ್ ಬರಬೇಕಿತ್ತು. ಅವನು ಸಂಬಳದ ಮನುಷ್ಯ. ನಮ್ಮಂತೆಯೇ ಹೆಂಡತಿ ಮಕ್ಕಳುಳ್ಳವನು. ಒಳಗೆ ಬಾಣಂತಿ ಇದ್ದಾಳೆ, ನಾಳೆ ಸಂಜೆಯೊಳಗೆ ಕಟ್ಟುತ್ತೇವೆ ಎಂದರೆ ಎಷ್ಟೋ ಸಲ ಏಣಿ ಹೆಗಲಿಗೇರಿಸಿ ಹೊರಟುಹೋಗುತ್ತಿದ್ದ.

ಹೊಸ ಮೀಟರಿನ ಹೊಟ್ಟೆಯಲ್ಲಿ ಲೆಕ್ಕದ ಜೊತೆಗೆ ಒಂದು ಸ್ವಿಚ್ಚೂ ಇದೆ. ಮೊಬೈಲಿನಂತೆ ಸುದ್ದಿ ಕಳಿಸುವ, ಸುದ್ದಿ ಪಡೆಯುವ ಶಕ್ತಿಯೂ ಇದೆ. ನಾವು ಮೊದಲೇ ಕಟ್ಟಿದ ಹಣದಿಂದ ಬಳಸಿದಷ್ಟನ್ನು ದಿನವೂ ಮುರಿದುಕೊಳ್ಳುತ್ತಾರೆ. ಬಳಸದ ದಿನ ಕೂಡ ನಿಗದಿತ ಶುಲ್ಕದ ಪಾಲು ಮುರಿಯುತ್ತದೆ; ಊರಿಗೆ ಹೋಗಿ ಬೀಗ ಹಾಕಿದ ಮನೆಯೂ ಹಣ ತಿನ್ನುತ್ತಿರುತ್ತದೆ. ಹಣ ಮುಗಿಯುತ್ತಾ ಬಂದಾಗ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಮುಗಿದ ಮೇಲೆ ದೂರದ ಊರಿನ ಕಂಪ್ಯೂಟರಿನಿಂದ ಒಂದು ಆಜ್ಞೆ ಬರುತ್ತದೆ, ಸ್ವಿಚ್ಚು ಬೀಳುತ್ತದೆ. ಆ ಕಂಪ್ಯೂಟರಿಗೆ ಬಾಣಂತಿಯೂ ಗೊತ್ತಿಲ್ಲ, ಬಟವಾಡೆಯ ದಿನವೂ ಗೊತ್ತಿಲ್ಲ.

ಇಲ್ಲಿ ಒಂದು ವಿಷಯವನ್ನು ವಾಚಕರು ಸ್ಪಷ್ಟವಾಗಿ ತಿಳಿಯಬೇಕು. ಸ್ಮಾರ್ಟ್ ಮೀಟರು ಬೇರೆ, ಪ್ರಿಪೇಯ್ಡ್ ಬೇರೆ. ದೂರದಿಂದಲೇ ರೀಡಿಂಗ್ ಕೊಡುವ ಅದೇ ಮೀಟರನ್ನು ತಿಂಗಳ ಕೊನೆಗೆ ಬಿಲ್ಲು ಕೊಡುವ ರೀತಿಯಲ್ಲೂ ನಡೆಸಬಹುದು, ಮೊದಲೇ ಹಣ ಕೀಳುವ ರೀತಿಯಲ್ಲೂ ನಡೆಸಬಹುದು. ಬದಲಾಯಿಸುವುದಕ್ಕೆ ಮನೆಗೆ ಯಾರೂ ಬರಬೇಕಿಲ್ಲ, ಆಫೀಸಿನಿಂದ ಒಂದು ಆಜ್ಞೆ ಸಾಕು. ಆದ್ದರಿಂದ "ಈಗೇನೂ ಪ್ರಿಪೇಯ್ಡ್ ಅಲ್ಲವಲ್ಲ, ಹಾಕಿಸಿಕೊಳ್ಳಿ" ಎನ್ನುವ ಮಾತಿಗೆ ನಾವು ಅರ್ಧ ಬೆಲೆಯನ್ನಷ್ಟೇ ಕೊಡಬೇಕು.

ದೆಹಲಿಯಿಂದ ಬಂದ ಏರ್ಪಾಡು

ಈ ಏರ್ಪಾಡು ಜನ ಕೇಳಿ ಬಂದದ್ದಲ್ಲ. 2020ರ ಡಿಸೆಂಬರ್ 31ರಂದು ಕೇಂದ್ರ ಸರ್ಕಾರ 'ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು' ಎಂಬುದನ್ನು ಹೊರಡಿಸಿತು. ಹೆಸರು ಹಕ್ಕುಗಳದು; ಒಳಗಿರುವ ಐದನೆಯ ನಿಯಮ ಮಾತ್ರ ಸಂಪರ್ಕಗಳಿಗೆ ಪ್ರಿಪೇಯ್ಡ್ ಮೀಟರೇ ಆಗಬೇಕೆಂದಿತು. 2021ರಲ್ಲಿ 3,03,758 ಕೋಟಿ ರೂಪಾಯಿಗಳ ಯೋಜನೆಯೊಂದು ಬಂತು. ಅದರಡಿ 25 ಕೋಟಿ ಸ್ಮಾರ್ಟ್ ಮೀಟರುಗಳನ್ನು ಹಾಕುವ ಗುರಿ. ಸಾಮಾನ್ಯ ರಾಜ್ಯಗಳಿಗೆ ಮೀಟರೊಂದಕ್ಕೆ ಬೆಲೆಯ ಶೇಕಡಾ 15, ಹೆಚ್ಚೆಂದರೆ 900 ರೂಪಾಯಿ, ಕೇಂದ್ರದ ಸಹಾಯ. ಆ ಸಹಾಯಕ್ಕೆ ಹಾಕಿದ ಷರತ್ತೇ ಎಲ್ಲವನ್ನೂ ಹೇಳುತ್ತದೆ: ಮೀಟರು ಪ್ರಿಪೇಯ್ಡ್ ಆಗಿ ನಡೆಯಬೇಕು. ರೀಡಿಂಗ್ ಸರಿಯಾಗಿ ಬರಲಿ ಎಂಬುದಷ್ಟೇ ಉದ್ದೇಶವಾಗಿದ್ದರೆ ಈ ಷರತ್ತೇಕೆ?

ಬಂಡವಾಳ ಹೂಡುವುದೂ, ಮೀಟರು ಹಾಕುವುದೂ, ವರ್ಷಾನುಗಟ್ಟಲೆ ಅದನ್ನು ನಡೆಸುವುದೂ ಖಾಸಗಿ ಕಂಪನಿಗಳ ಕೈಯಲ್ಲಿ. ಮೀಟರೊಂದಕ್ಕೆ ತಿಂಗಳಿಗೆ ಇಷ್ಟೆಂದು ಅವುಗಳಿಗೆ ಸಲ್ಲುವ ಹಣ ಕೊನೆಗೆ ಬರುವುದು ನಮ್ಮ ಜೇಬಿನಿಂದ. ಕೇರಳ 2023ರಲ್ಲಿ ಈ ಪದ್ಧತಿಯನ್ನು ಒಪ್ಪಲಾರೆನೆಂದಿತು. ಅಲ್ಲಿನ ವಿದ್ಯುತ್ ನೌಕರರ ಸಂಘಗಳು ಗಟ್ಟಿಯಾಗಿ ನಿಂತದ್ದು ಅದಕ್ಕೆ ಕಾರಣ. ಗುಜರಾತಿನ ವಡೋದರದಲ್ಲಿ 2024ರ ಮೇ ತಿಂಗಳಲ್ಲಿ ಗೃಹಿಣಿಯರು ಕೂಡ ಬೀದಿಗಿಳಿದ ಮೇಲೆ ಅಳವಡಿಕೆಯನ್ನು ತಡೆಹಿಡಿಯಬೇಕಾಯಿತು. ಮುಂದಿನ ತಿಂಗಳೇ ಮಹಾರಾಷ್ಟ್ರ ಸರ್ಕಾರ, ಸಾಮಾನ್ಯ ಗ್ರಾಹಕರಿಗೆ ಪ್ರಿಪೇಯ್ಡ್ ಮೀಟರು ಹಾಕುವುದಿಲ್ಲವೆಂದು ಸಾರಿತು. ಆಮೇಲೆ ಸ್ಮಾರ್ಟ್ ಮೀಟರೇ ಬಿಲ್ಲಿನ ಪದ್ಧತಿಯಲ್ಲಿ ಬೇರೆ ಹೆಸರಿನಿಂದ ಬಂತು. ಇವುಗಳಿಂದ ಎರಡು ಪಾಠ. ಜನ ಎದ್ದು ನಿಂತರೆ ಆಜ್ಞೆಗಳು ಬಗ್ಗುತ್ತವೆ. ಜನ ಕುಳಿತುಕೊಂಡರೆ ಅವು ಹಿಂಬಾಗಿಲಿನಿಂದ ಬರುತ್ತವೆ.

ದೂರದ ಸ್ವಿಚ್ಚಿನ ಅಪಾಯ ಎಂಥದೆಂಬುದಕ್ಕೆ ಉತ್ತರ ಪ್ರದೇಶವನ್ನು ನೋಡಬೇಕು. 2020ರ ಆಗಸ್ಟ್ 12, ಜನ್ಮಾಷ್ಟಮಿ. ಹಬ್ಬದ ಹೊತ್ತಿಗೆ ಒಂದೂವರೆ ಲಕ್ಷದಷ್ಟು ಸ್ಮಾರ್ಟ್ ಮೀಟರಿನ ಗ್ರಾಹಕರ ಕರೆಂಟು ಒಮ್ಮೆಲೇ ಹೋಯಿತು. ತಂತಿ ಹರಿದಿರಲಿಲ್ಲ, ಮಳೆ ಗಾಳಿಯ ಕಾಟವೂ ಅಲ್ಲ. ಒಂದು ತಪ್ಪು ಆಜ್ಞೆ! ಬಾಕಿ ಇಲ್ಲದವನ ಮನೆಯೂ ಕತ್ತಲಾಯಿತು. ಆ ಸರ್ಕಾರ ಅಳವಡಿಕೆ ನಿಲ್ಲಿಸಿ ತನಿಖೆಗೆ ಆಜ್ಞೆ ಮಾಡಬೇಕಾಯಿತು. ಲೈನ್‌ಮನ್ ತಪ್ಪು ಮಾಡಿದರೆ ಒಂದು ಮನೆಗೆ ಕತ್ತಲು. ಈ ಯಂತ್ರ ತಪ್ಪು ಮಾಡಿದರೆ ಒಂದು ಪಟ್ಟಣಕ್ಕೇ ಕತ್ತಲು.

ಇಂಗ್ಲೆಂಡಿನ ಪಾಠ

ಇದನ್ನು ಹೊಸ ನಾಗರಿಕತೆಯೆಂದು ಹೊಗಳುವವರಿದ್ದಾರೆ. ಹೊಸದೇನೂ ಅಲ್ಲ. ಇಂಗ್ಲೆಂಡಿನ ಕೂಲಿಕಾರರ ಮನೆಗಳಲ್ಲಿ ಪೆನ್ನಿ ನಾಣ್ಯ ಹಾಕಿದರೆ ಗ್ಯಾಸು ಬರುವ ಮೀಟರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಂದಿತ್ತು. ಅಂದಿನಿಂದ ಅದು ಬಡವರ ಮೀಟರಾಗಿಯೇ ಉಳಿಯಿತು. ಶ್ರೀಮಂತ ಬಳಸಿದ ಮೇಲೆ ಕೊಡುತ್ತಾನೆ, ಬಡವ ಕೊಟ್ಟ ಮೇಲೆ ಬಳಸುತ್ತಾನೆ. ಸಾಲದ್ದಕ್ಕೆ ಬಡವ ಹೆಚ್ಚು ದರವನ್ನೂ ಕೊಡುತ್ತಿದ್ದ. ಈ ಅನ್ಯಾಯಕ್ಕೆ ತಡೆ ಬಿದ್ದದ್ದು 2023ರ ಜುಲೈಯಲ್ಲಿ.

ಅಲ್ಲಿ ಬಾಕಿ ಉಳಿಸಿಕೊಂಡವರ ಮನೆಗೆ ಕೋರ್ಟಿನ ವಾರಂಟು ಹಿಡಿದು ನುಗ್ಗಿ, ಬಲವಂತವಾಗಿ ಪ್ರಿಪೇಯ್ಡ್ ಮೀಟರು ಹಾಕುವುದು ರೂಢಿಯಾಗಿತ್ತು. 2022 ಒಂದೇ ವರ್ಷದಲ್ಲಿ ಸುಮಾರು 94,000 ಮನೆಗಳಲ್ಲಿ ಹೀಗಾಯಿತು. 2023ರ ಫೆಬ್ರವರಿಯಲ್ಲಿ 'ದಿ ಟೈಮ್ಸ್' ಪತ್ರಿಕೆಯ ವರದಿಗಾರನೊಬ್ಬ, ಬ್ರಿಟಿಷ್ ಗ್ಯಾಸ್ ಕಂಪನಿಯ ಪರವಾಗಿ ವಸೂಲಿಗೆ ಹೋಗುತ್ತಿದ್ದವರ ಜೊತೆಯಲ್ಲೇ ಕೆಲಸಗಾರನಾಗಿ ಸೇರಿ ಕಂಡದ್ದನ್ನು ಬರೆದ. ದುರ್ಬಲರ ಮನೆಗಳ ಬೀಗವನ್ನೂ ಮುರಿಯುತ್ತಿದ್ದ ಸಂಗತಿ ಬಯಲಾಯಿತು. ದೇಶವೇ ಛೀ ಎಂದಿತು. ವಿದ್ಯುತ್ ಮತ್ತು ಗ್ಯಾಸಿನ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್, ಬಲವಂತದ ಅಳವಡಿಕೆ ನಿಲ್ಲಿಸಿರೆಂದಿತು. ಮುಂದೆ ಷರತ್ತುಗಳ ಮೇಲೆ ಮತ್ತೆ ಬಿಟ್ಟರೂ, ಆಸರೆಯಿಲ್ಲದ 75 ದಾಟಿದ ಮುದುಕರ ಮನೆ, ಎರಡು ವರ್ಷದೊಳಗಿನ ಕೂಸಿರುವ ಮನೆ, ಇಂಥವುಗಳನ್ನು ಮುಟ್ಟಕೂಡದೆಂದು ಅದೇ ವರ್ಷ ನಿಯಮವಾಯಿತು.

ಅಲ್ಲಿನ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಹಣ ಮುಗಿದು ಕರೆಂಟು ನಿಂತರೆ ಅದನ್ನು ಅಲ್ಲಿನ ಭಾಷೆಯಲ್ಲಿ 'ಸ್ವಯಂ ಕಡಿತ' ಎನ್ನುತ್ತಾರೆ. ಎಂದರೆ ಕಂಪನಿ ಕಡಿಯಲಿಲ್ಲ. ಗ್ರಾಹಕನೇ ತನ್ನ ಕರೆಂಟನ್ನು ಕಡಿದುಕೊಂಡ! ಗ್ರಾಹಕರಿಗೆ ಸಲಹೆ ಕೊಡುವ ಅಲ್ಲಿನ 'ಸಿಟಿಜನ್ಸ್ ಅಡ್ವೈಸ್' ಸಂಸ್ಥೆಯ ಅಂದಾಜಿನಂತೆ 2022ರಲ್ಲಿ 32 ಲಕ್ಷ ಜನ ಹೀಗೆ ಹಣ ಮುಗಿದು ಕತ್ತಲಲ್ಲೋ ಚಳಿಯಲ್ಲೋ ಉಳಿದರು. ಕಂಪನಿಗಳ ಕಡಿತದ ಲೆಕ್ಕದ ಪುಸ್ತಕದಲ್ಲಿ ಇವರು ಯಾರೂ ಇಲ್ಲ.

ಕೋರ್ಟುಗಳು ಕೂಡ ಈ ಮಾತಿಗೆ ಸೋಲುವುದುಂಟು. ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ ಫಿರಿ ಎಂಬ ಬಡಾವಣೆಗೆ ಜೊಹಾನ್ಸ್‌ಬರ್ಗ್ ನಗರಸಭೆ ನೀರಿಗೆ ಪ್ರಿಪೇಯ್ಡ್ ಮೀಟರು ಹಾಕಿತು. ಉಚಿತದ ಪಾಲು ಮುಗಿದರೆ ನಲ್ಲಿ ನಿಲ್ಲುವುದು; ನೋಟೀಸಿಲ್ಲ, ಅಹವಾಲಿಲ್ಲ. ಅಲ್ಲಿನ ಹೈಕೋರ್ಟು 2008ರಲ್ಲಿ ಇದು ಅಕ್ರಮವೆಂದಿತು. ಆದರೆ ಸಂವಿಧಾನ ನ್ಯಾಯಾಲಯ 2009ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಕಾರಣಗಳಲ್ಲಿ ಒಂದು: ಇದು ಸರಬರಾಜಿನ 'ಕಡಿತ'ವಲ್ಲ, ಹಣ ಹಾಕುವವರೆಗಿನ 'ತಾತ್ಕಾಲಿಕ ತಡೆ'! ನಾಳೆ ನಮ್ಮ 56ನೆಯ ಕಲಮಿಗೂ ಇದೇ ವ್ಯಾಖ್ಯಾನ ಬರಬಹುದು. ಹಣ ಕೊಡಲು ತಪ್ಪಿದವನಿಗೆ ನೋಟೀಸು. ಇಲ್ಲಿ ಯಾರೂ ತಪ್ಪಿಲ್ಲ, ಬ್ಯಾಲೆನ್ಸು ಮುಗಿದಿದೆ ಅಷ್ಟೆ ಎನ್ನುವ ವಕೀಲರಿಗೆ ಬರವಿಲ್ಲ. ಪದ ಬದಲಾಯಿತು, ಹಕ್ಕು ಹೋಯಿತು.

ಉದ್ರಿ ಕೊಟ್ಟವರು ಯಾರು?

ಕಂಪನಿಗಳ ಪರವಾದ ವಾದಗಳನ್ನೂ ನೋಡೋಣ. ಜನ ಬಿಲ್ಲು ಕಟ್ಟುವುದಿಲ್ಲ, ಕಂಪನಿಗಳು ನಷ್ಟದಲ್ಲಿವೆ, ಬಳಸಿದ ಮೇಲೆ ಹಣ ಕೊಡುವುದೆಂದರೆ ಉದ್ರಿ ವ್ಯಾಪಾರ, ಅದು ಎಷ್ಟು ದಿನ ನಡೆದೀತು ಎನ್ನುತ್ತಾರೆ.

ಉದ್ರಿಯ ಮಾತನ್ನು ನಮ್ಮ ಕಿರಾಣಿ ಅಂಗಡಿಯವರಿಂದ ಕಲಿಯಬೇಕು. ಗಿರಣಿಯ ಗೇಟಿನ ಎದುರಿನ ಅಂಗಡಿಯವನು ಯಾವ ಡಿಪಾಜಿಟ್ಟೂ ಇಲ್ಲದೆ, ಮುಖ ನೋಡಿ ಬಟವಾಡೆಯವರೆಗೆ ಅಕ್ಕಿ ಬೇಳೆ ಕೊಡುತ್ತಾನೆ. ವಿದ್ಯುತ್ ಕಂಪನಿ ಹಾಗೆ ಕೊಡುವುದುಂಟೇ? ಸಂಪರ್ಕ ಕೊಡುವ ಮೊದಲೇ ಭದ್ರತಾ ಠೇವಣಿ ಇಸಿದುಕೊಳ್ಳುತ್ತದೆ. ಕರ್ನಾಟಕದಲ್ಲಿ ಅದು ಎರಡು ತಿಂಗಳ ಬಿಲ್ಲಿನಷ್ಟು. ಎಂದರೆ ಉದ್ರಿ ಕೊಟ್ಟವರು ನಾವು, ಪಡೆದವರು ಅವರು! "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆಯನ್ನು ನಾವು ಅಂಗಡಿಗಳಲ್ಲಿ ನೋಡಿದ್ದೇವೆ. "ನಿನ್ನೆ ನಗದು, ಇಂದು ಸರಕು" ಎಂಬ ಹಲಗೆಯನ್ನು ತೂಗುಹಾಕುವ ಧೈರ್ಯ ಯಾವ ಮಾರವಾಡಿಗೂ ಯಾವ ಶೆಟ್ಟರಿಗೂ ಬಂದಿರಲಿಲ್ಲ.

ಇನ್ನು ಬಾಕಿಯ ಮಾತು. ಸರ್ಕಾರಿ ಇಲಾಖೆಗಳೂ ಸ್ಥಳೀಯ ಸಂಸ್ಥೆಗಳೂ ನಮ್ಮ ರಾಜ್ಯದ ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡ ಬಾಕಿ ಸಾವಿರಾರು ಕೋಟಿ ರೂಪಾಯಿಗಳೆಂಬುದು ವಿಧಾನಸಭೆಯಲ್ಲೇ ಚರ್ಚೆಯಾದ ಸಂಗತಿ. ಅವರ ಕಚೇರಿಯ ಫ್ಯಾನು ನಿಂತದ್ದನ್ನು ಕಂಡವರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇದೇ ಅಲ್ಲವೇ?

ದಿನವೂ ಖರ್ಚು ಕಣ್ಣಿಗೆ ಕಾಣುತ್ತದೆ, ಕೈಯಲ್ಲಿದ್ದಷ್ಟೇ ಹಣ ಹಾಕಬಹುದು, ದರದಲ್ಲಿ ರಿಯಾಯಿತಿಯೂ ಸಿಗಬಹುದು ಎನ್ನುವವರಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಬಾಡಿಗೆ ಕೋಣೆಯ ಒಂಟಿ ಕಾರ್ಮಿಕನಿಗೆ, ಜಾತ್ರೆಯ ನಾಲ್ಕು ದಿನದ ಅಂಗಡಿಯವನಿಗೆ ಇದು ಅನುಕೂಲವಾದೀತು. ಬೇಕಾದವರು ಹಾಕಿಸಿಕೊಳ್ಳಲಿ, ನಮ್ಮ ಅಡ್ಡಿಯಿಲ್ಲ. ನಮ್ಮ ಜಗಳ ಕಡ್ಡಾಯದ ಮೇಲೆ. 2003ರ ಕಾಯಿದೆಯೇ 47ನೆಯ ಕಲಮಿನ 5ನೆಯ ಉಪಕಲಮಿನಲ್ಲಿ, ಗ್ರಾಹಕ ಪ್ರಿಪೇಯ್ಡ್ ಮೀಟರಿನಿಂದ ಕರೆಂಟು ಪಡೆಯಲು ಸಿದ್ಧನಿದ್ದರೆ ಠೇವಣಿ ಕೇಳಕೂಡದೆನ್ನುತ್ತದೆ. 'ಸಿದ್ಧನಿದ್ದರೆ' ಎಂಬ ಮಾತಿನ ಅರ್ಥವೇನು? ಆಯ್ಕೆ ಗ್ರಾಹಕನದು ಎಂದೇ ಅಲ್ಲವೇ? ಕಾಯಿದೆ ಕೊಟ್ಟ ಆಯ್ಕೆಯನ್ನು ಅದರ ಕೆಳಗಿನ ನಿಯಮ ಕಸಿದುಕೊಳ್ಳಬಹುದೇ ಎಂದು ನಾವು ಕೇಳುತ್ತೇವೆ.

ನಮ್ಮ ರಾಜ್ಯದ ಮಾತು

ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೂ ತಾತ್ಕಾಲಿಕ ಸಂಪರ್ಕಗಳಿಗೂ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಿತು. ಸುಮಾರು 2,000 ರೂಪಾಯಿಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಸುಮಾರು 5,000 ರೂಪಾಯಿಯ ಮೀಟರು ಬಂತು. ಅದೂ ಗ್ರಾಹಕನ ಕೈಯಿಂದ ಒಂದೇ ಗಂಟಿನಲ್ಲಿ. ಇದರ ಮೇಲೆ ಶಾಸನಸಭೆಯಲ್ಲಿ ಕೂಗಾಟವಾಯಿತು, ಹೈಕೋರ್ಟಿಗೂ ಹೋಯಿತು. ಯಾವ ಪಕ್ಷದ ಸರ್ಕಾರ ಯಾವಾಗ ಏನು ಮಾಡಿತೆಂಬ ಜಗಳವನ್ನು ಅವರವರು ಆಡಿಕೊಳ್ಳಲಿ. ಮೂವತ್ತಕ್ಕೆ ಇಪ್ಪತ್ತು ಅಡಿಯ ನಿವೇಶನದಲ್ಲಿ ಸಾಲ ಮಾಡಿ ಮನೆ ಕಟ್ಟಿದವನು ಮೀಟರಿಗೂ ಸಾಲ ಮಾಡಬೇಕೇ ಎಂಬುದು ನಮ್ಮ ಪ್ರಶ್ನೆ.

1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಕೂಲಿಕಾರನ ಗುಡಿಸಲಿಗಲ್ಲ. ಅದು ಗುಡಿಸಲಿಗೆ ಬರಲು ಎಷ್ಟೋ ದಶಕಗಳು ಬೇಕಾದವು. ಅಷ್ಟು ತಡವಾಗಿ ಬಂದ ದೀಪ ಒಂದು ಸಂದೇಶದಿಂದ ಆರಿಹೋಗುವಂತಾಗಬಾರದು.

ಸಣ್ಣ ವ್ಯಾಪಾರಿಗಳು ಇನ್ನೊಂದನ್ನು ಗಮನಿಸಬೇಕು. ಸ್ಮಾರ್ಟ್ ಮೀಟರು ಗಂಟೆ ಗಂಟೆಯ ಲೆಕ್ಕ ಇಡುತ್ತದೆ. 2023ರ ತಿದ್ದುಪಡಿ ನಿಯಮ, ಹಗಲು ಬಿಸಿಲಿರುವ ಹೊತ್ತಿನ ಕರೆಂಟಿಗೆ ದರ ಇಳಿಸಿ, ಬೇಡಿಕೆ ಹೆಚ್ಚಿರುವ ಹೊತ್ತಿಗೆ ಏರಿಸಬೇಕೆಂದಿತು. ವಾಣಿಜ್ಯ ಮತ್ತು ಕೈಗಾರಿಕೆಯ ಗ್ರಾಹಕರಿಗೆ ಈ ಏರಿಕೆ ಕನಿಷ್ಠ ಶೇಕಡಾ 20, ಉಳಿದವರಿಗೆ ಕನಿಷ್ಠ ಶೇಕಡಾ 10. ಬೇಸಾಯಗಾರರಿಗೆ ಮಾತ್ರ ವಿನಾಯಿತಿ. ನಮ್ಮ ಬಜಾರಿನಲ್ಲಿ ವ್ಯಾಪಾರ ಕುದುರುವುದೇ ದೀಪ ಹಚ್ಚಿದ ಮೇಲೆ. ಗಿರಾಕಿಗೆ ಮಧ್ಯಾಹ್ನ ಬಾ ಎಂದು ಹೇಳಲಾದೀತೇ?

ಮೀಟರು ಬಂದರೆ ಮಾಡಬೇಕಾದ್ದು

ಹೋರಾಟ ಒಂದು ಕಡೆ ನಡೆಯಲಿ. ಇರುವ ಹಕ್ಕನ್ನು ಬಿಡುವುದೂ ಬೇಡ. ಈ ಮಾತುಗಳನ್ನು ಪ್ರತಿಯೊಂದು ವಠಾರದಲ್ಲೂ ಓದಿ ಹೇಳಬೇಕು.

ಹಳೆಯ ಮೀಟರು ಬಿಚ್ಚುವ ಮುನ್ನ ಅದರ ಕೊನೆಯ ರೀಡಿಂಗನ್ನು ಬರೆಸಿಕೊಂಡು ಸಹಿ ಹಾಕಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹೊಸ ಮೀಟರಿನ ಮೊದಲ ರೀಡಿಂಗಿಗೂ ಹಾಗೆಯೇ ಮಾಡಿ.

ಹೊಸ ಮೀಟರು ಜೋರಾಗಿ ಓಡುತ್ತಿದೆ ಎನಿಸಿದರೆ ಲಿಖಿತ ದೂರು ಕೊಡಿ. 2024ರ ತಿದ್ದುಪಡಿಯಂತೆ, ದೂರು ಬಂದ ಐದು ದಿನಗಳೊಳಗೆ ಕಂಪನಿ ಪಕ್ಕದಲ್ಲಿ ಇನ್ನೊಂದು ಮೀಟರು ಹಾಕಿ, ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಹೊಸ ಮೀಟರು ಹೆಚ್ಚಿನ ಲೋಡು ತೋರಿಸಿತೆಂದು ಹಿಂದಿನ ತಿಂಗಳುಗಳಿಗೆ ದಂಡ ಕೇಳಿದರೆ ಕೊಡಬೇಡಿ. ಅಳವಡಿಸುವ ಮೊದಲಿನ ಅವಧಿಗೆ ಅಂಥ ದಂಡ ಹಾಕಕೂಡದೆಂದು 2023ರ ನಿಯಮವಿದೆ. ಒಂದು ಆರ್ಥಿಕ ವರ್ಷದಲ್ಲಿ ಮಂಜೂರಾದ ಲೋಡನ್ನು ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಅದನ್ನು ಏರಿಸಬಹುದು. ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿ, ಐಸ್‌ಕ್ರೀಮ್ ಅಂಗಡಿಯವರು ಇದನ್ನು ಬಾಯಿಪಾಠ ಮಾಡಬೇಕು.

ಪ್ರಿಪೇಯ್ಡ್ ಆಗಲು ಒಪ್ಪಿದ್ದರೆ ಹಳೆಯ ಠೇವಣಿಯನ್ನು ವಾಪಸು ಕೇಳಿ. ಅದು ಕಂಪನಿಯಲ್ಲಿದ್ದಷ್ಟು ಕಾಲ ಬ್ಯಾಂಕ್ ದರಕ್ಕೆ ಕಡಿಮೆಯಿಲ್ಲದ ಬಡ್ಡಿಯೂ ಕಾಯಿದೆಯಂತೆ ನಿಮ್ಮದು.

ಕರೆಂಟು ಹೋದರೆ 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಸೆಕ್ಷನ್ ಆಫೀಸಿನಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ. ಅಲ್ಲಿಯೂ ಸಿಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಇವೆರಡನ್ನೂ 42ನೆಯ ಕಲಮು ನಮಗಾಗಿ ಮಾಡಿದೆ. ಒಬ್ಬೊಬ್ಬರೇ ಹೋಗಬೇಡಿ. ಬೀದಿಯ ಹತ್ತು ದೂರುಗಳನ್ನು ಒಟ್ಟಿಗೆ ಕೊಂಡೊಯ್ಯಿರಿ.

ನಾವು ಕೇಳುವುದು

ಐದನೆಯ ನಿಯಮವೇ, ಪ್ರಿಪೇಯ್ಡ್ ಮೀಟರಿನಿಂದ ವಿನಾಯಿತಿ ಕೊಡುವ ಅಧಿಕಾರವನ್ನು, ಸರಿಯಾದ ಕಾರಣ ಬರೆದಿಟ್ಟು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಬಿಟ್ಟಿದೆ. ಆದ್ದರಿಂದ ದೆಹಲಿಯ ಕಡೆ ಕೈತೋರಿಸಿ ಬೆಂಗಳೂರು ತಪ್ಪಿಸಿಕೊಳ್ಳುವಂತಿಲ್ಲ. ಆಯೋಗದ ಮುಂದೆಯೂ ಸರ್ಕಾರದ ಮುಂದೆಯೂ ನಮ್ಮ ಬೇಡಿಕೆಗಳು ಇವು:

ಒಂದು: ಗ್ರಾಹಕನ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮನೆಯನ್ನೂ ಅಂಗಡಿಯನ್ನೂ ಪ್ರಿಪೇಯ್ಡ್ ಪದ್ಧತಿಗೆ ತಿರುಗಿಸಕೂಡದು, ಒಪ್ಪಿದವನು ಬೇಕಾದಾಗ ಬಿಲ್ಲಿನ ಪದ್ಧತಿಗೆ ಮರಳಬಹುದು.

ಎರಡು: ಬ್ಯಾಲೆನ್ಸು ಮುಗಿದು ಕರೆಂಟು ನಿಲ್ಲುವುದೂ ಕಡಿತವೇ ಎಂದು ಆಯೋಗ ಬರೆದಿಡಬೇಕು. ಹದಿನೈದು ದಿನಗಳ ನೋಟೀಸು ಅದಕ್ಕೂ ಸಲ್ಲಬೇಕು.

ಮೂರು: ರಾತ್ರಿ ಹೊತ್ತು, ಭಾನುವಾರ, ಹಬ್ಬದ ದಿನ, ಪರೀಕ್ಷೆಯ ಕಾಲ ಸ್ವಿಚ್ಚು ಬೀಳಕೂಡದು. ರಾತ್ರಿಗೂ ವಾರದ ಕೊನೆಗೂ ಇಂಥ ರಕ್ಷಣೆಯನ್ನು ಇಂಗ್ಲೆಂಡಿನ ಪ್ರಿಪೇಯ್ಡ್ ಗ್ರಾಹಕ ಪಡೆದಿದ್ದಾನೆ. ಕಾಯಿಲೆಯವರು, ಬಾಣಂತಿಯರು, ಒಂಟಿ ಮುದುಕರು ಇರುವ ಮನೆಗಳಿಗೆ ಈ ಪದ್ಧತಿಯೇ ಬೇಡ.

ನಾಲ್ಕು: ಮೀಟರಿನ ಬೆಲೆಯನ್ನು ಮನೆಯವನ ತಲೆಗೆ ಕಟ್ಟಕೂಡದು.

ಐದು: ತಪ್ಪು ಆಜ್ಞೆಯಿಂದ ಕರೆಂಟು ಹೋದರೆ, ಅರ್ಜಿ ಕೇಳದೆ ಗಂಟೆಯ ಲೆಕ್ಕದಲ್ಲಿ ಪರಿಹಾರ ಗ್ರಾಹಕನ ಖಾತೆಗೆ ಬೀಳಬೇಕು. ಹಣ ಮುರಿಯುವುದಕ್ಕೆ ಅರ್ಜಿ ಕೇಳದ ಯಂತ್ರಕ್ಕೆ ಹಣ ಕೊಡುವುದಕ್ಕೆ ಅರ್ಜಿ ಏಕೆ?

ಆರು: ಮನೆ ಮನೆಗೆ ಅಲೆದು ರೀಡಿಂಗ್ ಬರೆಯುತ್ತಿದ್ದ ಗುತ್ತಿಗೆ ನೌಕರರನ್ನು ಬೀದಿಗೆ ತಳ್ಳಕೂಡದು. ಅವರ ಅನ್ನದ ಪ್ರಶ್ನೆ ನಮ್ಮ ದೀಪದ ಪ್ರಶ್ನೆಗಿಂತ ಬೇರೆಯಲ್ಲ.

ಬಡವನ ಕೋಪ ದವಡೆಗೆ ಮೂಲವೆಂಬ ಗಾದೆಯನ್ನು ನಮ್ಮ ಜನ ಬಹಳ ಕಾಲ ನಂಬಿದ್ದಾರೆ. ಅದು ಒಬ್ಬೊಬ್ಬ ಬಡವನ ಕೋಪದ ಮಾತು. ವಡೋದರದ ಗೃಹಿಣಿಯರ ಕೋಪ ಆಳುವವರ ದವಡೆಗೇ ಮುಟ್ಟಿತು. ಪ್ರತಿ ವರ್ಷ ದರ ನಿಗದಿಗೆ ಮೊದಲು ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ಅಲ್ಲಿ ದೊಡ್ಡ ಕೈಗಾರಿಕೆಗಳ ವಕೀಲರು ಕುಳಿತಿರುತ್ತಾರೆ. ಗಿರಣಿ ಕಾರ್ಮಿಕನ ಕುರ್ಚಿ ಖಾಲಿ ಇರುತ್ತದೆ. ಈ ಸಲ ಖಾಲಿ ಇರಬಾರದು. ಗಿರಣಿಯ ಪಾಳಿ ಮುಗಿಸಿ ಬರುವವರೂ, ಅಂಗಡಿಯ ಬಾಗಿಲು ಅರ್ಧ ಎಳೆದು ಬರುವವರೂ ಬೀದಿಬೀದಿಯಲ್ಲಿ ಸೇರಿ ಈ ಆರು ಬೇಡಿಕೆಗಳ ಕೆಳಗೆ ಸಹಿ ಹಾಕಬೇಕು. ಸಹಿ ಮಾಡಿದ ಹಾಳೆಗಳನ್ನು ಪತ್ರಿಕೆಯ ಕಚೇರಿಗೆ ತಲುಪಿಸಿದರೆ ಆಯೋಗದ ಮುಂದೆ ಇಡುವ ಹೊಣೆ ನಮ್ಮದು.